120 ಗಂಟೆ ಇಂಟರ್ನ್‌ಶಿಪ್ ಮೇ ತಿಂಗಳಲ್ಲೇ ಯಾಕೆ? ಮಳೆಯ ಜೊತೆ ಮಾಡೋಣ ಅಂತಿದ್ದೇನೆ, ಸಲಹೆ ಬೇಕು

ಮಧುಗಿರಿ_ಮೇಡಂ | ಮೇ 11

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಈ ಸಲ ನಮ್ಮ ಬಿಎಸ್ಸಿಯ 14 ಮಕ್ಕಳು ನೀರು ಮತ್ತು ಪರಿಸರದ ವಿಷಯದಲ್ಲಿ ಇಂಟರ್ನ್‌ಶಿಪ್ ಮಾಡುತ್ತೇವೆ ಅಂತ ಹೆಸರು ಕೊಟ್ಟಿದ್ದಾರೆ. ಹೋದ ವರ್ಷ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ, ಅದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ 9 ಜನರನ್ನು ಒಂದು ಸಂಸ್ಥೆಗೆ ಕಳಿಸಿದ್ದೆವು. ತಲಾ 1,500 ರೂಪಾಯಿ ಕಟ್ಟಿಸಿಕೊಂಡರು. ಹದಿನೈದು ದಿನ ಆನ್‌ಲೈನ್ ಭಾಷಣ, ಎರಡು ದಿನ ಕೆರೆ ಏರಿ ಮೇಲೆ ಪ್ಲಾಸ್ಟಿಕ್ ಹೆಕ್ಕಿದ್ದು, ಒಂದು ದಿನ 'ನೀರು ಉಳಿಸಿ' ಪೋಸ್ಟರ್. ಅಷ್ಟೇ. ಕೊನೆಗೆ ಬಣ್ಣದ ಸರ್ಟಿಫಿಕೇಟ್ ಬಂತು. ವೈವಾದಲ್ಲಿ ಒಬ್ಬ ಹುಡುಗಿಯನ್ನು ನಾನೇ ಕೇಳಿದೆ, ನಿಮ್ಮ ಊರಿನ ಬಾವಿಯಲ್ಲಿ ಈಗ ನೀರು ಎಷ್ಟು ಆಳದಲ್ಲಿದೆ ಅಂತ. ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ "ಅದನ್ನು ಅಳೆಯಬಹುದು ಅಂತ ನಮಗೆ ಯಾರೂ ಹೇಳಲಿಲ್ಲ ಮೇಡಂ" ಅಂದಳು. ಆ ಸಂಸ್ಥೆಗೆ ಕಳಿಸಿದವರು ನಾವು. ಅವಳ ಆ ಮಾತಿಗೆ ಉತ್ತರ ಕೊಡಬೇಕಾದವರೂ ನಾವೇ.

ಯುಜಿಸಿ ಮಾರ್ಗಸೂಚಿಯಲ್ಲಿ ನಾಲ್ಕನೇ ಸೆಮಿಸ್ಟರ್ ಆದ ಮೇಲೆ 60ರಿಂದ 120 ಗಂಟೆ ಇಂಟರ್ನ್‌ಶಿಪ್ ಅಂತಿದೆ, 30 ಗಂಟೆಗೆ ಒಂದು ಕ್ರೆಡಿಟ್. ಎಲ್ಲರೂ ಇದನ್ನು ರಜೆಯಲ್ಲಿ ಒಂದೇ ಉಸಿರಿಗೆ ಮುಗಿಸುತ್ತಾರೆ. ಅಂಗಡಿಯಲ್ಲೋ ಬ್ಯಾಂಕಿನಲ್ಲೋ ಮಾಡುವುದಾದರೆ ಸರಿ. ಆದರೆ ಮೇ ತಿಂಗಳಲ್ಲಿ ನೀರಿನ ಬಗ್ಗೆ ಏನು ಕಲಿಯುತ್ತಾರೆ? ಬತ್ತಿದ ಕೆರೆ ಕಾಣುತ್ತದೆ, ಅದರ ಫೋಟೋ ಬರುತ್ತದೆ. ನಮ್ಮ ಬಯಲುಸೀಮೆಯಲ್ಲಿ ಮಳೆ ಜೋರಾಗಿ ಬೀಳುವುದು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳಲ್ಲಿ, ಅಂದರೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. ಕೆರೆಗೆ ನೀರು ಬರುವುದು, ಬಾವಿ ಏರುವುದು, ಹಳ್ಳ ಕೆಂಪಾಗಿ ಹರಿದು ಎರಡು ದಿನಕ್ಕೆ ತಿಳಿಯಾಗುವುದು ಎಲ್ಲ ಆಗಲೇ. ಆ ಹೊತ್ತಿಗೆ ನಮ್ಮ ಮಕ್ಕಳು ಕ್ಲಾಸಿನಲ್ಲಿ ಕೂತಿರುತ್ತಾರೆ.

ನನ್ನ ಲೆಕ್ಕ ಇಷ್ಟು. ಶನಿವಾರಕ್ಕೆ 5 ಗಂಟೆ. 24 ಶನಿವಾರ ಆದರೆ 120 ಗಂಟೆ. ಜೂನ್ ಮೊದಲ ವಾರದಿಂದ ನವೆಂಬರ್ ಕೊನೆವರೆಗೆ, ಹಬ್ಬದ ಎರಡು ಶನಿವಾರ ಬಿಟ್ಟರೂ ಸಾಕು. ಒಬ್ಬೊಬ್ಬರಿಗೂ ಒಂದು ಬಾವಿ ಅಥವಾ ಒಂದು ಕೆರೆ, ಜೊತೆಗೆ ಅದೇ ಊರಿನ ಸರ್ಕಾರಿ ಶಾಲೆ. ಅಳೆಯಬೇಕು, ಅಳೆದದ್ದನ್ನೇ ಶಾಲೆ ಮಕ್ಕಳಿಗೆ ಹೇಳಿಕೊಡಬೇಕು. ತಾನು ಅಳೆಯದ ಯಾವ ಸಂಖ್ಯೆಯನ್ನೂ ಹೇಳುವಂತಿಲ್ಲ.

ಇದು ಆಗುವ ಕೆಲಸವಾ? ಮಾಡಿದವರು ಇದ್ದರೆ ದಯವಿಟ್ಟು ಬರೆಯಿರಿ. ಕಷ್ಟ ಎಲ್ಲಿ ಬರುತ್ತದೆ ಅನ್ನುವುದನ್ನೂ ಮುಚ್ಚುಮರೆಯಿಲ್ಲದೆ ಹೇಳಿ.

ಬಾವಿ_ಲೆಕ್ಕ | ಮೇ 11

ಮೇಡಂ, ಒಳ್ಳೆ ಯೋಚನೆ. ನಾನು ಅಂತರ್ಜಲದ ಕೆಲಸದಲ್ಲಿ ಸುಮಾರು ವರ್ಷ ಇದ್ದೇನೆ. ಕೇಂದ್ರ ಅಂತರ್ಜಲ ಮಂಡಳಿಯವರೂ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ: ಮುಂಗಾರಿಗೆ ಮುಂಚೆ, ಆಗಸ್ಟ್, ನವೆಂಬರ್, ಜನವರಿ. ಅಂದರೆ ನೀರಿನ ಕ್ಯಾಲೆಂಡರ್ ನೀವು ಹೇಳಿದ್ದೇ. ನಿಮ್ಮ ಮಕ್ಕಳು ವಾರಕ್ಕೊಮ್ಮೆ ಅಳೆದರೆ ಆ ನಾಲ್ಕು ಚುಕ್ಕಿಗಳ ನಡುವೆ ಏನಾಯಿತು ಅಂತ ಒಂದು ಊರಿನ ಮಟ್ಟಿಗೆ ಗೊತ್ತಾಗುತ್ತದೆ.

ಸಾಧನಕ್ಕೆ ದುಡ್ಡು ಬೇಡ. ಟೈಲರ್ ಅಂಗಡಿಯದಲ್ಲ, ಸೈಟ್ ಅಳೆಯುವ 30 ಮೀಟರ್ ಟೇಪ್ ತೆಗೆದುಕೊಳ್ಳಿ. ತುದಿಗೆ ಒಂದು ಸಣ್ಣ ಸ್ಟೀಲ್ ಲೋಟವನ್ನು ಬೋರಲು ಕಟ್ಟಿ, ಬಾಯಿ ಕೆಳಗೆ. ಮೆಲ್ಲಗೆ ಇಳಿಸಿ. ಲೋಟದ ಬಾಯಿ ನೀರಿಗೆ ತಾಗಿದ ಕೂಡಲೇ 'ಪ್ಲಕ್' ಅಂತ ಶಬ್ದ ಬರುತ್ತದೆ. ಎತ್ತಿ ಇಳಿಸಿ ಮೂರು ಸಲ ಕೇಳಿಸಿಕೊಳ್ಳಿ. ಕಣ್ಣಿಗೆ ಕಾಣದ ಆಳದ ಬಾವಿಯಲ್ಲೂ ಕಿವಿಗೆ ಗೊತ್ತಾಗುತ್ತದೆ. ಟೇಪಿನ ಸೊನ್ನೆಯಿಂದ ಲೋಟದ ಬಾಯಿವರೆಗಿನ ಉದ್ದ ಸೇರಿಸುವುದನ್ನು ಮರೆಯಬೇಡಿ.

ಇನ್ನು ಮೂರು ಮಾತು. ಬಾವಿಕಟ್ಟೆಯ ಮೇಲೆ ಪೇಂಟಿನಲ್ಲಿ ಒಂದು ಗುರುತು ಹಾಕಿ, ಯಾವಾಗಲೂ ಅಲ್ಲಿಂದಲೇ ಅಳೆಯಿರಿ. ಕಟ್ಟೆ ಎಷ್ಟು ಎತ್ತರ ಅಂತ ಬರೆದಿಟ್ಟುಕೊಂಡು ಕಳೆಯಿರಿ. ಬೆಳಿಗ್ಗೆ ಪಂಪ್ ಹಾಕುವ ಮುಂಚೆ ಅಳೆಯಿರಿ, ಇಲ್ಲದಿದ್ದರೆ ಆ ದಿನ ಕರೆಂಟ್ ಇತ್ತಾ ಇಲ್ಲವಾ ಅನ್ನುವುದನ್ನು ಅಳೆದ ಹಾಗೆ ಆಗುತ್ತದೆ. ಬೋರ್‌ವೆಲ್ ಒಳಗೆ ಟೇಪ್ ಬಿಡಲು ಹೋಗಬೇಡಿ. ಪಂಪಿನ ಪೈಪು, ಕೇಬಲ್ಲಿಗೆ ಸಿಕ್ಕಿಕೊಂಡರೆ ಆ ರೈತನಿಗೆ ಖರ್ಚು, ನಿಮಗೆ ಊರಿನ ಬಾಗಿಲು ಬಂದ್.

ಅಂತಿಮ_ಸೆಮ್ | ಮೇ 12

ನಾನು ಸ್ಟೂಡೆಂಟ್. ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ಸ್ವಲ್ಪ ನೇರವಾಗಿ ಹೇಳುತ್ತೇನೆ. ನಮ್ಮ ಕ್ಲಾಸಲ್ಲಿ ಅರ್ಧ ಜನ ಶನಿವಾರ ಭಾನುವಾರ ಕೆಲಸಕ್ಕೆ ಹೋಗುತ್ತಾರೆ. ಒಬ್ಬ ಮೆಡಿಕಲ್ ಶಾಪಲ್ಲಿ, ಒಬ್ಬ ಗಾರೆ ಕೆಲಸಕ್ಕೆ. 24 ಶನಿವಾರ ಅಂದರೆ ಅವರಿಗೆ 24 ದಿನದ ಕೂಲಿ ಹೋಯಿತು. ಮೇ ತಿಂಗಳಲ್ಲಿ ಒಟ್ಟಿಗೆ ಮುಗಿಸಿದರೆ ಆಮೇಲೆ ಕೆಲಸಕ್ಕೆ ಹೋಗಬಹುದು. ಇಂಥ ಇಂಟರ್ನ್‌ಶಿಪ್ ಎಲ್ಲ ಮನೆಯಲ್ಲಿ ಅನುಕೂಲ ಇದ್ದವರಿಗೆ ಮಾತ್ರ ಆಗಿಬಿಡುತ್ತದೆ ಅನ್ನುವುದು ನನ್ನ ಭಯ.

ಹುಡುಗಿಯರ ವಿಷಯ ಬೇರೆ. ಬೇರೆ ಊರಿಗೆ ಹೋಗಿ ಬಾವಿ ಹತ್ತಿರ ನಿಂತರೆ ಹತ್ತು ಜನ ಬಂದು ಯಾರು, ಯಾಕೆ ಅಂತ ಕೇಳುತ್ತಾರೆ. ಶೌಚಾಲಯ ಎಲ್ಲಿ? ಸಂಜೆ ಬಸ್ ತಪ್ಪಿದರೆ? ಇದನ್ನೆಲ್ಲ ಪ್ಲಾನ್ ಮಾಡುವವರು ಮೊದಲೇ ಯೋಚಿಸಲ್ಲ, ಆಮೇಲೆ ಹುಡುಗಿಯರೇ ಹಿಂದೆ ಸರಿದರು ಅಂತ ರಿಪೋರ್ಟಲ್ಲಿ ಬರೆಯುತ್ತಾರೆ.

ಮಧುಗಿರಿ_ಮೇಡಂ | ಮೇ 12

ಬೇಜಾರಿಲ್ಲ, ಇದನ್ನೇ ಕೇಳಬೇಕಿತ್ತು. ಕೂಲಿ ವಿಷಯ ನನಗೆ ಹೊಳೆದೇ ಇರಲಿಲ್ಲ. ನಾಳೆ 14 ಜನರನ್ನೂ ಕೂರಿಸಿಕೊಂಡು ಕೇಳುತ್ತೇನೆ. ಬೆಳಿಗ್ಗೆ ಆರರಿಂದ ಹನ್ನೊಂದರೊಳಗೆ ಮುಗಿಸಿದರೆ ಮಧ್ಯಾಹ್ನದ ಪಾಳಿ ಉಳಿಯುತ್ತದಾ ನೋಡಬೇಕು. ಶನಿವಾರ ಶಾಲೆಯೂ ಬೆಳಿಗ್ಗೆಯೇ ಇರುವುದರಿಂದ ಹೊಂದುತ್ತದೆ. ಇನ್ನೊಂದು, ಬೇರೆ ಊರಿಗೆ ಕಳಿಸುವ ಬದಲು ಅವರವರ ಊರಿನ ಬಾವಿಯನ್ನೇ ಕೊಟ್ಟರೆ ಹೇಗೆ? ಯಾರು ಅಂತ ಕೇಳುವವರೇ ಇರುವುದಿಲ್ಲ. ಬಸ್ ಚಿಂತೆಯೂ ಇಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ ಇದ್ದರೂ ಬೆಳಿಗ್ಗೆ ಆರಕ್ಕೆ ಹಳ್ಳಿಗೆ ಬಸ್ಸೇ ಇರಬೇಕಲ್ಲ.

ಕನ್ನಡ_ಶಾಲೆ_ಮೇಷ್ಟ್ರು | ಮೇ 13

ನಾನು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳುವವನು. ನಮ್ಮ ಶಾಲೆಗೆ ಇಂಟರ್ನ್‌ಗಳು ಬರುತ್ತಾರೆ. ಬಂದು ಪ್ರತಿಜ್ಞೆ ಮಾಡಿಸುತ್ತಾರೆ. ಜೂನ್ 5ಕ್ಕೆ ಗಿಡ ನೆಟ್ಟು ಫೋಟೋ ತೆಗೆದು ಹೋಗುತ್ತಾರೆ, ಆ ಗಿಡಕ್ಕೆ ಬೇಸಿಗೆಯಲ್ಲಿ ನೀರು ಹಾಕುವವರು ನಮ್ಮ ಅಡುಗೆಯವರು. ಮಕ್ಕಳಿಗೆ 'ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ' ಅಂತ ಹೇಳಿಕೊಡುತ್ತಾರೆ. ನಮ್ಮ ಮಕ್ಕಳ ಮನೆಗೆ ನಲ್ಲಿಯಲ್ಲಿ ನೀರು ಬರುವುದೇ ಎರಡು ದಿನಕ್ಕೊಮ್ಮೆ, ಅವರು ತಂಬಿಗೆಯಲ್ಲಿ ಹಲ್ಲುಜ್ಜುತ್ತಾರೆ. ನೀರು ಹೊರುವವರಿಗೆ ನೀರು ಉಳಿಸುವುದನ್ನು ಹೇಳಿಕೊಡುವುದು ನನಗೆ ಸಂಕಟ ಆಗುತ್ತದೆ.

ಅದರ ಬದಲು ಒಂದು ಲೆಕ್ಕ ಮಾಡಿಸಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ಇದನ್ನು ಹೇಳಬೇಡಿ, ಮಾಡಿಸಿ. ಅಂಗಳದಲ್ಲಿ ಸುಣ್ಣದಲ್ಲಿ ಒಂದು ಮೀಟರ್ ಚೌಕ ಎಳೆಸಿ, ಒಂದು ಲೀಟರ್ ನೀರನ್ನು ಅಷ್ಟೂ ಜಾಗಕ್ಕೆ ಸಮ ಹರಡಿದರೆ ಎಷ್ಟು ದಪ್ಪ ಬರುತ್ತದೆ ಅಂತ ಊಹಿಸಲು ಹೇಳಿ. ಆಮೇಲೆ ಶಾಲೆ ಚಾವಣಿ ಅಳೆಸಿ. ನಮ್ಮದು 20 ಮೀಟರ್ ಉದ್ದ, 6 ಮೀಟರ್ ಅಗಲ. 120 ಚದರ ಮೀಟರ್. 25 ಮಿಲಿಮೀಟರ್ ಮಳೆ ಬಂದರೆ 3,000 ಲೀಟರ್. ಸೋರಿದ್ದು, ಮೊದಲ ಕೊಳೆ ನೀರು ಬಿಟ್ಟದ್ದು ಎಲ್ಲ ಕಳೆದು 2,400 ಅಂತ ಹಿಡಿಯೋಣ. ಬಿಸಿಯೂಟದ ತಟ್ಟೆ ತೊಳೆಯಲು ಎಷ್ಟು ಬೇಕು ಅಂತ ಮಕ್ಕಳೇ ಬಕೆಟ್ ಎಣಿಸಿ ಹೇಳಿದರು. ಆ ದಿನ ನನ್ನ ಆರನೇ ತರಗತಿ ಮಧ್ಯಾಹ್ನ ಆಟಕ್ಕೆ ಹೋಗಲಿಲ್ಲ.

ಮಳೆಮಾಪಕವನ್ನೂ ಅವರೇ ಮಾಡಲಿ. ಎರಡು ಲೀಟರ್ ಬಾಟಲಿಯ ತಲೆ ಕತ್ತರಿಸಿ ಅದನ್ನೇ ಬೋರಲು ಕೂರಿಸಿದರೆ ಆಲಿಕೆ. ತಳ ಉಬ್ಬುತಗ್ಗು ಇರುವುದರಿಂದ ನೇರ ಗೋಡೆ ಶುರುವಾಗುವವರೆಗೆ ನೀರು ತುಂಬಿ ಅಲ್ಲಿ ಸೊನ್ನೆ ಗೆರೆ. ಮಕ್ಕಳಿಗೆ ಕೊಟ್ಟರೆ ದಿನಾ ಬೆಳಿಗ್ಗೆ ಎಂಟೂವರೆಗೆ ನೋಡುತ್ತಾರೆ, ನಾವು ನೆನಪಿಸಬೇಕಾಗಿಲ್ಲ.

ಕೆರೆಬಯಲು | ಮೇ 14

ಓದುತ್ತಿದ್ದೆ, ಬರೆಯಬೇಕು ಅನ್ನಿಸಿತು. ನಮ್ಮಜ್ಜ ಊರಿನ ನೀರಗಂಟಿ. ತೂಬು, ಅಂದರೆ ಕೆರೆಯಿಂದ ಗದ್ದೆಗೆ ನೀರು ಬಿಡುವ ಕಿಂಡಿ, ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನಿರ್ಧರಿಸುವುದು ಅವರ ಕೆಲಸ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಇಷ್ಟು ಅಂತ ಧಾನ್ಯ ಬರುತ್ತಿತ್ತು. ಕೆರೆ ಅರ್ಧ ತುಂಬಿದ ವರ್ಷ ಎಲ್ಲರೂ ಅಷ್ಟಷ್ಟು ಕಡಿಮೆ ನಾಟಿ ಮಾಡಬೇಕು. ದೊಡ್ಡವರ ಗದ್ದೆ ಅಂತ ಜಾಸ್ತಿ ಬಿಡುವ ಹಾಗಿಲ್ಲ. ತೂಬಿನ ಕಲ್ಲುಗಂಬದ ಮೇಲೆ ಗೆರೆಗಳಿವೆ, ನೀರು ಯಾವ ಗೆರೆಗೆ ಬಂದರೆ ಎಷ್ಟು ಅಚ್ಚುಕಟ್ಟಿಗೆ, ಅಂದರೆ ಕೆರೆ ಕೆಳಗಿನ ಎಷ್ಟು ಗದ್ದೆಗೆ, ಸಾಕು ಅಂತ ಅಜ್ಜನಿಗೆ ಬಾಯಿಪಾಠ.

ಈಗ ಆ ಗೆರೆ ಓದುವವರು ಯಾರೂ ಇಲ್ಲ. ಎಲ್ಲರಿಗೂ ಬೋರ್ ಇದೆ, ಕೆರೆ ಯಾರಿಗೂ ಬೇಡ. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆ ಇವೆ ಅನ್ನುತ್ತಾರಲ್ಲ, ಒಂದೊಂದಕ್ಕೂ ಇಂಥ ಒಂದು ತಲೆ ಇತ್ತು. ಅವರೆಲ್ಲ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಿಮ್ಮ ಮಕ್ಕಳು ಟೇಪ್ ಹಿಡಿಯುವ ಮುಂಚೆ ಊರಿನ ಎಂಬತ್ತು ದಾಟಿದವರ ಪಕ್ಕ ಒಂದು ಶನಿವಾರ ಕೂರಲಿ. ಕೆರೆ ತುಂಬಿ ಕೋಡಿ ಹರಿದದ್ದು ಕೊನೆಗೆ ಯಾವ ವರ್ಷ? ತಲಪರಿಗೆ ಎಲ್ಲಿತ್ತು? ನಮ್ಮ ಸೀಮೆಯಲ್ಲಿ ಹಳ್ಳದ ಮಗ್ಗುಲಲ್ಲಿ ಒಂದಾಳುದ್ದ ತೋಡಿದರೆ ನೀರು ಜಿನುಗುವ ತಲಪರಿಗೆ ಊರೂರಿಗೆ ಇದ್ದವು. ಈಗ ಜಾಲಿ ಬೆಳೆದು ಗುರುತು ಸಿಗಲ್ಲ.

ಜೊತೆಗೆ ಮಳೆಗೆ ಮುಂಚೆ ಒಂದು ಕೆಲಸ. ಕೆರೆಯಿಂದ ಮೇಲಕ್ಕೆ, ನೀರು ಬರುವ ಕಾಲುವೆ ಹಿಡಿದು ನಡೆಯಲಿ. ಎಲ್ಲಿ ಮಣ್ಣು ಹಾಕಿದ್ದಾರೆ, ಎಲ್ಲಿ ರಸ್ತೆಗೆ ಮೋರಿ ಬಿಟ್ಟಿಲ್ಲ, ಎಲ್ಲಿ ತೋಟದ ಬೇಲಿ ಒಳಗೆ ಸೇರಿದೆ, ಎಲ್ಲ ಕಾಲಿಗೆ ಗೊತ್ತಾಗುತ್ತದೆ. ಹೂಳು ತೆಗೆಸಿದ ಕೆರೆಗೂ ಕಾಲುವೆ ಮುಚ್ಚಿದ್ದರೆ ನೀರು ಬರಲ್ಲ ಅಲ್ವಾ.

ಜಕ್ಕೂರು_ಬೆಳಗು | ಮೇ 15

ನಾನು ಕೆಲವು ವರ್ಷ ಹಿಂದೆ ಬೆಂಗಳೂರಿನ ಕೆರೆಗಳಲ್ಲಿ ಇಂಟರ್ನ್ ಆಗಿದ್ದೆ. ಜಕ್ಕೂರು ಕೆರೆ ಗೊತ್ತಿರಬಹುದು, ಸಂಸ್ಕರಿಸಿದ ಕೊಳಚೆ ನೀರು ಜೌಗಿನ ಮೂಲಕ ಹಾದು ಕೆರೆಗೆ ಬರುವ ವ್ಯವಸ್ಥೆ ಇದೆ. ಅಲ್ಲಿ ಕಲಿತ ಒಂದೇ ಒಂದು ಪಾಠ ಹೇಳುತ್ತೇನೆ, ಅದು ನನಗೆ ಎಂಎಸ್ಸಿಯಲ್ಲೂ ಯಾರೂ ಹೇಳಿರಲಿಲ್ಲ.

ನಾವು ಪ್ರತಿ ಸಲ ಹನ್ನೊಂದು ಗಂಟೆಗೆ ಹೋಗಿ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುತ್ತಿದ್ದೆವು. ಯಾವಾಗಲೂ ಚೆನ್ನಾಗಿಯೇ ಬರುತ್ತಿತ್ತು. ಆದರೂ ಬೇರೆ ಬೇರೆ ಕೆರೆಗಳಲ್ಲಿ ಬೆಳಿಗ್ಗೆ ಮೀನು ಸತ್ತು ತೇಲುತ್ತವೆ ಅಂತ ಸುದ್ದಿ ಬರುತ್ತದೆ. ಕೊನೆಗೆ ಒಬ್ಬ ಮೀನುಗಾರರು ಹೇಳಿದರು, ಸೂರ್ಯ ಹುಟ್ಟುವ ಮುಂಚೆ ಬಂದು ನೋಡಿ ಅಂತ. ಹೋದೆವು. ಸಂಖ್ಯೆ ಪಾತಾಳಕ್ಕೆ ಬಿದ್ದಿತ್ತು. ಪಾಚಿ ಹಗಲು ಬೆಳಕಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ಉಸಿರಾಡುತ್ತದೆ, ಹಾಗಾಗಿ ಕತ್ತಲು ಕಳೆಯುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾಗಿರುತ್ತದೆ. ನಾವು ಆಫೀಸ್ ಟೈಮಲ್ಲಿ ಅಳೆದು ಕೆರೆ ಆರೋಗ್ಯವಾಗಿದೆ ಅಂತ ಬರೆಯುತ್ತಿದ್ದೆವು. ಆದ್ದರಿಂದ ಮೇಡಂ, ಬೆಳಿಗ್ಗೆ ಆರು ಗಂಟೆ ಅನ್ನುವ ನಿಮ್ಮ ಸಮಯವನ್ನು ಬಿಡಬೇಡಿ.

ನೀರು ಎಷ್ಟು ತಿಳಿ ಅಂತ ನೋಡಲು ಸೆಕ್ಕಿ ತಟ್ಟೆ ಮಾಡಿಸಿ. 20 ಸೆಂಟಿಮೀಟರ್ ಅಗಲದ ತಟ್ಟೆ, ಕಾಲು ಕಾಲು ಭಾಗಕ್ಕೆ ಕಪ್ಪು ಬಿಳಿ ಬಣ್ಣ, ನಡುವೆ ಹಗ್ಗ, ಕೆಳಗೆ ಭಾರ. ನೀರಿಗೆ ಇಳಿಸಿ ಕಣ್ಮರೆಯಾದ ಆಳ ಬರೆಯುವುದು. 1865ರಲ್ಲಿ ಸೆಕ್ಕಿ ಅನ್ನುವವರು ಬರಿ ಬಿಳಿ ತಟ್ಟೆಯಿಂದ ಶುರು ಮಾಡಿದ್ದು, ಕಪ್ಪು ಬಿಳಿ ಬಣ್ಣ ಆಮೇಲೆ ಬಂತು, ಈಗ ಜಗತ್ತಿನಾದ್ಯಂತ ಬಳಸುತ್ತಾರೆ. ಹಳೆ ಊಟದ ತಟ್ಟೆಯಲ್ಲಿ ಆಗುತ್ತದೆ. ಕೆರೆಗೆ ಇಳಿಯಬಾರದು, ಏರಿ ಅಥವಾ ತೂಬಿನ ಕಟ್ಟೆ ಮೇಲಿಂದ ಮಾತ್ರ. ಹೂಳಿನ ಕೆರೆಯಲ್ಲಿ ಈಜು ಬಂದವರೂ ಸಿಕ್ಕಿಕೊಳ್ಳುತ್ತಾರೆ. ಇದನ್ನು ಎಷ್ಟು ಸಲ ಹೇಳಿದರೂ ಜಾಸ್ತಿಯಲ್ಲ.

ಏತಡ್ಕ_ಕಡೆಯವ | ಮೇ 17

ಕಾಸರಗೋಡಿನಿಂದ. ಮಳೆಯ ಜೊತೆ ಇಂಟರ್ನ್‌ಶಿಪ್ ಅನ್ನುವುದು ಬಯಲುಸೀಮೆಗೆ ಜೂನ್‌ನಿಂದ ನವೆಂಬರ್ ಇರಬಹುದು. ನಮ್ಮಲ್ಲಿ ಅದು ನವೆಂಬರ್‌ನಲ್ಲಿ ಶುರುವಾಗಬೇಕು. ಇಲ್ಲಿ ಮಳೆ ಬೇಕಾದಷ್ಟು, ಡಿಸೆಂಬರ್ ದಾಟಿದ ಮೇಲೆ ತೋಡು, ಅಂದರೆ ಹಳ್ಳ, ಒಣಗಿಬಿಡುತ್ತದೆ, ಅದೇ ನಮ್ಮ ಕಷ್ಟ. ಆಗ ತೋಡಿಗೆ ಅಡ್ಡ ಕಟ್ಟ ಕಟ್ಟುತ್ತೇವೆ: ಕಲ್ಲು, ಮಣ್ಣು, ಅಡಿಕೆ ಮರ. ಏತಡ್ಕದಲ್ಲಿ ಒಂದೇ ತೋಡಿಗೆ ಸಾಲು ಸಾಲು ಕಟ್ಟ. ಮೇಲಿನವರು ಕಟ್ಟಿದರೆ ಕೆಳಗಿನವರ ಬಾವಿಯೂ ಏರುತ್ತದೆ, ಒಬ್ಬರು ಕೈಬಿಟ್ಟರೆ ಸರಪಳಿಯೇ ಹೋಗುತ್ತದೆ. ವಿದ್ಯಾರ್ಥಿಗಳು ಬಂದು ಕಟ್ಟ ಕಟ್ಟುವುದರಲ್ಲಿ ಕೈ ಹಾಕಲಿ, ಎರಡೂ ಬದಿಯ ಬಾವಿಯನ್ನು ಕಟ್ಟುವ ಮೊದಲು ಮತ್ತು ಆಮೇಲೆ ಅಳೆಯಲಿ. ಹಿಡಿದ ನೀರು ನೆಲದೊಳಗೆ ಎಲ್ಲಿಗೆ ಹೋಯಿತು ಅಂತ ಅಳತೆಯಲ್ಲೇ ಕಾಣುತ್ತದೆ.

ಸುರಂಗ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು, ನೋಡಬೇಕು ಅಂತ ತುಂಬಾ ಜನ ಬರುತ್ತಾರೆ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡ ಕೊರೆದು, ಮೊದಲಿನವು ಒಣಗಿ ಹೋದರೂ ಬಿಡದೆ ಆರನೆಯ ಸುರಂಗದಲ್ಲಿ ನೀರು ಕಂಡವರು. 2022ರಲ್ಲಿ ಪದ್ಮಶ್ರೀ ಬಂತು. ಬನ್ನಿ, ನೋಡಿ. ಆದರೆ ಮಕ್ಕಳನ್ನು ಒಳಗೆ ಬಿಡಬೇಡಿ. ಒಳಗೆ ಗಾಳಿ ಕಡಿಮೆ. ಕೊರೆಯುವವರು ದೀಪ ಇಟ್ಟುಕೊಂಡೇ ಹೋಗುತ್ತಿದ್ದರು, ದೀಪ ಸಣ್ಣದಾದರೆ ಹಿಂದೆ ಬರುತ್ತಿದ್ದರು. ಬಾಯಲ್ಲಿ ನಿಂತು ಹರಿವು ಅಳೆದರೆ ಸಾಕು. ಒಂದು ಬಕೆಟ್, ಮೊಬೈಲಿನ ಸ್ಟಾಪ್‌ವಾಚ್.

ಕೋಲಾರದವಳು | ಮೇ 18

ಒಂದು ಎಚ್ಚರಿಕೆ. ನಮ್ಮ ಜಿಲ್ಲೆಯಲ್ಲಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದು ಅಲ್ಲಿಂದ ಕೆರೆಯಿಂದ ಕೆರೆಗೆ ಹೋಗುತ್ತದೆ. ಯೋಜನೆಯ ಲೆಕ್ಕ ದಿನಕ್ಕೆ 440 ದಶಲಕ್ಷ ಲೀಟರ್. ನಮ್ಮ ಕಾಲೇಜಿನವರು ಒಂದು ಊರಿನ ಬಾವಿ ಏರಿದ್ದನ್ನು ನೋಡಿ ಇಂಗುಗುಂಡಿಯಿಂದ ಏರಿತು ಅಂತ ರಿಪೋರ್ಟ್ ಬರೆದರು. ಇಂಗುಗುಂಡಿ ಒಳ್ಳೆಯದೇ. ಆದರೆ ಆ ಬಾವಿ ಏರಲು ಪಕ್ಕದ ಕೆರೆ ತುಂಬಿದ್ದು ಕಾರಣ ಇರಬಹುದು ಅಂತ ಯಾರೂ ನೋಡಲಿಲ್ಲ. ಆ ನೀರನ್ನು ಇನ್ನೂ ಹೆಚ್ಚು ಶುದ್ಧ ಮಾಡಿ ಬಿಡಬೇಕು ಅಂತ ಇಲ್ಲಿ ಹೋರಾಟವೇ ನಡೆದಿದೆ, ಹಾಗಿರುವಾಗ ಯಾವ ನೀರಿನಿಂದ ಬಾವಿ ಏರಿತು ಅನ್ನುವುದು ಕುಡಿಯುವವರಿಗೆ ದೊಡ್ಡ ಪ್ರಶ್ನೆ. ಕಾರಣ ಬರೆಯುವ ಆತುರ ಬೇಡ. ತಾರೀಖು, ಆಳ, ಮಳೆ, ಸುತ್ತ ಏನಾಯಿತು, ಇಷ್ಟು ಬರೆಯಲಿ ಸಾಕು.

ಬಾವಿ_ಲೆಕ್ಕ | ಮೇ 18

ಕೋಲಾರದವರು ಹೇಳಿದ್ದು ನೂರಕ್ಕೆ ನೂರು ಸರಿ. ಜೊತೆಗೆ ನಮ್ಮದು ಗಟ್ಟಿ ಕಲ್ಲಿನ ನೆಲ, ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ. ಐವತ್ತು ಮೀಟರ್ ದೂರದ ಎರಡು ಬಾವಿ ಬೇರೆ ಬೇರೆ ಥರ ನಡೆದುಕೊಳ್ಳಬಹುದು. ಒಂದೇ ಊರಲ್ಲಿ ಎರಡು ಮೂರು ಬಾವಿ ಅಳೆಸಿ.

ಮಧುಗಿರಿ_ಮೇಡಂ | ಜುಲೈ 20

ಮಧ್ಯದ ವರದಿ. ನಾಲ್ಕು ಜನ ಬಿಟ್ಟರು. ಇಬ್ಬರು ಕೆಲಸದ ಕಾರಣಕ್ಕೆ. ಅವರಿಗೆ ಬೇರೆ ದಾರಿ ಮಾಡಿಕೊಡಲು ಆಗಲಿಲ್ಲ, ನನಗೆ ಅದು ನೋವು. ಉಳಿದ 10 ಜನ, 4 ಊರು. ಎಲ್ಲರೂ ಅವರವರ ಊರು ಅಥವಾ ಪಕ್ಕದ ಊರು, ಇಬ್ಬಿಬ್ಬರು ಮೂವರು ಜೊತೆಯಾಗಿ, ಯಾರೂ ಒಂಟಿಯಾಗಿ ಬಾವಿ ಹತ್ತಿರ ಹೋಗುವಂತಿಲ್ಲ.

ಒಂದು ವಿಷಯ ಕೇಳಬೇಕಿತ್ತು. ನಮ್ಮ ಕಡೆ ಆಳದ ಬೋರಿನ ನೀರಲ್ಲಿ ಫ್ಲೋರೈಡ್ ಇದೆ, ಕಲ್ಲಿನಿಂದಲೇ ಬರುತ್ತದೆ. ಪಂಚಾಯಿತಿಯ ಫೀಲ್ಡ್ ಕಿಟ್ ತಂದು ಪರೀಕ್ಷೆ ಮಾಡಿಸಿದೆ. ಬಣ್ಣವನ್ನು ಚಾರ್ಟಿನ ಜೊತೆ ಹೋಲಿಸುವುದನ್ನು ಇಬ್ಬರು ಬೇರೆ ಬೇರೆ ನೋಡಿ, ಒಬ್ಬರಿಗೊಬ್ಬರು ಹೇಳದೆ ಬರೆಯಬೇಕು ಅಂತ ನಿಯಮ ಮಾಡಿದ್ದೆ. ಒಂದು ಶಾಲೆಯ ಬೋರಿನಲ್ಲಿ ಇಬ್ಬರಿಗೂ ಲೀಟರಿಗೆ 1.5 ಮಿಲಿಗ್ರಾಂ ಅನ್ನುವ ಮಿತಿಗಿಂತ ಜಾಸ್ತಿ ಕಂಡಿತು. ಮರುವಾರ ಅದೇ ಶಾಲೆಯಲ್ಲಿ ನಮ್ಮ ಹುಡುಗ ಫ್ಲೋರೈಡ್ ಪಾಠ ಮಾಡುತ್ತಿದ್ದ. ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ ಅಂದ. ಮುಂದಿನ ಬೆಂಚಿನಲ್ಲಿದ್ದ ಒಂದು ಹುಡುಗಿ ಮೆಲ್ಲಗೆ ಕೈ ಎತ್ತಿ ಬಾಯಿ ಮುಚ್ಚಿಕೊಂಡಳು. ಪಾಠ ಮುಗಿಯುವವರೆಗೆ ತೆಗೆಯಲಿಲ್ಲ. ನಮ್ಮ ಹುಡುಗನಿಗೆ ಅದು ಕಂಡಿತು, ಅಲ್ಲಿಗೇ ನಿಲ್ಲಿಸಿ ಮಳೆಮಾಪಕಕ್ಕೆ ಹೋದ. ಸಂಜೆ ಫೋನ್ ಮಾಡಿ "ಮೇಡಂ, ನಾನು ಅವಳ ಬಗ್ಗೆಯೇ ಮಾತಾಡಿದ ಹಾಗೆ ಆಯಿತು" ಅಂದ. ಇಂಥ ಕಡೆ ನೀವೆಲ್ಲ ಹೇಗೆ ಮಾಡುತ್ತೀರಿ?

ಕನ್ನಡ_ಶಾಲೆ_ಮೇಷ್ಟ್ರು | ಜುಲೈ 20

ಹುಡುಗ ಒಳ್ಳೆಯವನು, ನಿಲ್ಲಿಸಿದ್ದು ಸರಿ. ಹಲ್ಲಿನ ಫೋಟೋ, ಪೋಸ್ಟರ್ ಯಾವುದೂ ಬೇಡ. ನೀರಿನಿಂದ ಶುರು ಮಾಡಿ. ಕಲ್ಲಿನಲ್ಲಿ ಏನಿದೆ, ಆಳಕ್ಕೆ ಹೋದಂತೆ ನೀರು ಕಲ್ಲಿನ ಜೊತೆ ಎಷ್ಟು ಕಾಲ ಇರುತ್ತದೆ, ಮಳೆ ನೀರಲ್ಲಿ ಅದು ಯಾಕೆ ಇಲ್ಲ. ಮಕ್ಕಳಿಗೆ 'ಇದು ನೀರಿನ ತೊಂದರೆ, ನಿಮ್ಮದಲ್ಲ' ಅಂತ ತಾನಾಗಿ ಗೊತ್ತಾಗಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಅನ್ನುವುದನ್ನು ಮಾತ್ರ ತಾಯಂದಿರ ಸಭೆಯಲ್ಲಿ ಖಂಡಿತ ಹೇಳಿ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಜಾಸ್ತಿಯೇ ಆಗುತ್ತದೆ. ಕುದಿಸಿ ಕುಡಿಯಿರಿ ಅಂತ ನಾವೇ ಎಷ್ಟು ಸಲ ಹೇಳಿದ್ದೇವೆ.

ಜಕ್ಕೂರು_ಬೆಳಗು | ಜುಲೈ 21

ಸೂಕ್ಷ್ಮಾಣು ಪರೀಕ್ಷೆಯ ಸೀಸೆಗೂ ಇದೇ ಮಾತು. ಆ ಸಣ್ಣ ಸೀಸೆಗೆ ನೀರು ತುಂಬಿಟ್ಟರೆ, ಮಲದ ಕಲ್ಮಶ ಇದ್ದಾಗ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ನೋಡಲು ತುಂಬಾ ಜೋರು, ಮಕ್ಕಳು ಬೆರಗಾಗುತ್ತಾರೆ. ಹಾಗಂತ 'ಇಂಥವರ ಮನೆ ಬಾವಿ ಕಪ್ಪಾಯಿತು' ಅಂತ ಶಾಲೆಯಲ್ಲಿ ಹೇಳಿದರೆ ಆ ಮನೆಯವರು ತಲೆ ಎತ್ತಿ ಓಡಾಡುವುದು ಹೇಗೆ? ಮೊದಲು ಆ ಮನೆಯವರಿಗೆ, ಆಮೇಲೆ ಪಂಚಾಯಿತಿಗೆ, ಕ್ಲೋರಿನ್ ಹಾಕಿ ಇನ್ನೊಮ್ಮೆ ಪರೀಕ್ಷೆ. ಶಾಲೆಯಲ್ಲಿ ಊರು, ಮನೆ ಹೇಳದೆ ಸೀಸೆ ಮಾತ್ರ ತೋರಿಸಿ.

ಅಂತಿಮ_ಸೆಮ್ | ಜುಲೈ 21

ಬಿಟ್ಟುಹೋದ ಇಬ್ಬರ ಬಗ್ಗೆ. ಮಳೆಮಾಪಕ ನೋಡುವುದು, ಲೆಕ್ಕ ಬರೆಯುವುದು, ಗ್ರಾಫ್ ಹಾಕುವುದು ಎಲ್ಲ ಮನೆಯಿಂದ ಆಗುವ ಕೆಲಸ ಅಲ್ವಾ? ಅವರಿಗೆ 60 ಗಂಟೆಯ ಒಂದು ಚಿಕ್ಕ ಪಾಲು ಕೊಡಿ. ನಿಯಮದಲ್ಲಿ 60 ಇದ್ದೇ ಇದೆ ಅಂತ ನೀವೇ ಬರೆದಿದ್ದೀರಿ.

ಮಧುಗಿರಿ_ಮೇಡಂ | ಜುಲೈ 21

ನನಗೆ ಇದು ಯಾಕೆ ಹೊಳೆಯಲಿಲ್ಲ! ಸೋಮವಾರವೇ ಕರೆಯುತ್ತೇನೆ. ಥ್ಯಾಂಕ್ಸ್.

ಮಧುಗಿರಿ_ಮೇಡಂ | ಡಿಸೆಂಬರ್ 7

ತುಂಬಾ ದಿನ ಆಯಿತು, ಸೆಮಿಸ್ಟರ್ ಪರೀಕ್ಷೆ ಇತ್ತು. ಅಕ್ಟೋಬರ್‌ನಲ್ಲಿ ಎರಡು ಶನಿವಾರ ಹೋಗಲು ಆಗಲಿಲ್ಲ, ನೋಟ್‌ಬುಕ್‌ನಲ್ಲಿ ಆ ಜಾಗ ಖಾಲಿಯೇ ಇದೆ. ಒಬ್ಬಳು ಹಿಂದಿನ ವಾರ ಮತ್ತು ಮುಂದಿನ ವಾರದ ನಡುವಿನ ಸಂಖ್ಯೆ ತುಂಬಿಬಿಡಲಾ ಅಂತ ಕೇಳಿದಳು. ಖಾಲಿ ಬಿಡು ಅಂದೆ. ಬಿಟ್ಟಳು. ಕೆಲಸದ ಕಾರಣಕ್ಕೆ ಬಿಟ್ಟಿದ್ದ ಇಬ್ಬರೂ ವಾಪಸ್ ಬಂದರು, 60 ಗಂಟೆ ಮುಗಿಸಿದರು.

ಕಾಲುವೆ ನಡಿಗೆಯಲ್ಲಿ ಒಂದು ಊರಿನಲ್ಲಿ ರಸ್ತೆ ಕೆಳಗಿನ ಮೋರಿ ಪೂರ್ತಿ ಹೂಳು ತುಂಬಿದ್ದು ಸಿಕ್ಕಿತು. ಗ್ರಾಮಸಭೆಯಲ್ಲಿ ಮಕ್ಕಳು ನಕ್ಷೆ ಹಿಡಿದು ನಿಂತರು. ಮೊದಲ ಸಲ ಯಾರೂ ಕಿವಿಗೊಡಲಿಲ್ಲ. ಎರಡನೇ ಸಲ ಕೆರೆ ಕೆಳಗಿನ ಗದ್ದೆಯವರನ್ನು ಜೊತೆಗೆ ಕರೆದುಕೊಂಡು ಹೋದರು. ಸೆಪ್ಟೆಂಬರ್ ಮೊದಲ ವಾರ ಮೋರಿ ಬಿಡಿಸಿದರು. ಉತ್ತರೆ ಮಳೆಗೆ ಆ ಕೆರೆಗೆ ನೀರು ಬಂತು. ಮಳೆಯೂ ಚೆನ್ನಾಗಿ ಬಂದಿತ್ತು, ಹಾಗಾಗಿ ಮೋರಿಯಿಂದಲೇ ಬಂತು ಅಂತ ನಮ್ಮ ರಿಪೋರ್ಟಲ್ಲಿ ಬರೆದಿಲ್ಲ. ಕೋಲಾರದವರ ಮಾತು ನೆನಪಿತ್ತು. ತಾರೀಖು ಮಾತ್ರ ಬರೆದಿದ್ದೇವೆ.

ಕೆರೆಬಯಲು ಅವರೇ, ನೀವು ಹೇಳಿದ ಹಾಗೆ ತೂಬಿನ ಗೆರೆಗಳನ್ನು ನಮ್ಮವರು ಒಬ್ಬ ಅಜ್ಜನಿಂದ ಬರೆದುಕೊಂಡರು. ಎಂಟು ಗೆರೆ, ಒಂದೊಂದಕ್ಕೂ ಲೆಕ್ಕ. ಕೆಳಗಿನ ಮೂರು ಅಜ್ಜನಿಗೆ ನೆನಪಿರಲಿಲ್ಲ. ಅವರ ತಂಗಿಗೆ ನೆನಪಿತ್ತು. ಪಕ್ಕದ ಊರಿಗೆ ಮದುವೆಯಾಗಿ ಹೋದವರು, ಹುಡುಗಿಯರು ಅಲ್ಲಿಗೇ ಹೋಗಿ ಕೇಳಿಕೊಂಡು ಬಂದರು.

ಬಾವಿಗಳ ವಿಷಯ. ಶಾಲೆ ಹಿಂದಿನ ತೆರೆದ ಬಾವಿ ಜೂನ್ ಮೊದಲ ಶನಿವಾರ 13 ಮೀಟರ್ 70 ಸೆಂಟಿಮೀಟರ್ ಆಳದಲ್ಲಿತ್ತು. ನವೆಂಬರ್ ಕೊನೆಗೆ 9 ಮೀಟರ್ 10. ಅದೇ ಊರಿನ ಇನ್ನೊಂದು ಬಾವಿ, ಕೂಗಳತೆ ದೂರದ್ದು, ಅರ್ಧ ಮೀಟರೂ ಏರಲಿಲ್ಲ. ಯಾಕೆ ಅಂತ ಶಾಲೆ ಮಕ್ಕಳು ಕೇಳಿದರು. ನಮ್ಮ ಹುಡುಗಿ "ನನಗೂ ಗೊತ್ತಿಲ್ಲ, ಅಳೆಯುತ್ತಾ ಇರೋಣ" ಅಂದಳಂತೆ. ಹೋದ ವರ್ಷ ವೈವಾದಲ್ಲಿ ಸುಮ್ಮನೆ ನಿಂತಿದ್ದಳಲ್ಲ, ಅವಳ ತಂಗಿ ಇವಳು.

ಕೆರೆಬಯಲು | ಡಿಸೆಂಬರ್ 7

ಎಂಟೂ ಗೆರೆ ಸಿಕ್ಕಿತಾ! ಆ ಪುಟದ ಒಂದು ಫೋಟೋ ಹಾಕಿ ಮೇಡಂ. ನಮ್ಮ ತೂಬಿನಲ್ಲಿ ಆರಿವೆ, ನಮ್ಮ ದೊಡ್ಡಪ್ಪನಿಗೆ ಓದಿ ಹೇಳಿ ನೋಡುತ್ತೇನೆ, ಅವರಿಗೇನಾದರೂ ನೆನಪಾಗಬಹುದು.

ಬಾವಿ_ಲೆಕ್ಕ | ಡಿಸೆಂಬರ್ 8

ಇಂಟರ್ನ್‌ಶಿಪ್ ಮುಗಿಯಿತು ಅಂತ ಟೇಪ್ ವಾಪಸ್ ತರಬೇಡಿ. ಜನವರಿ ಅಳತೆ ಬೇಕು, ಏಪ್ರಿಲ್ ಅಳತೆ ಬೇಕು. ಇಳಿಯುವುದನ್ನು ನೋಡದಿದ್ದರೆ ಏರಿದ್ದಕ್ಕೆ ಅರ್ಥ ಬರುವುದಿಲ್ಲ. ಯಾರಿಗೆ ಕೊಟ್ಟಿದ್ದೀರಿ?

ಮಧುಗಿರಿ_ಮೇಡಂ | ಡಿಸೆಂಬರ್ 8

ಟೇಪು, ಲೋಟ, ನೋಟ್‌ಬುಕ್ ಮೂರೂ ಶಾಲೆಯಲ್ಲೇ ಇವೆ. ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ ಟೇಪ್ ಇಳಿಸುವಷ್ಟು ಕಿಂಡಿ ಬಿಡಿಸಿದ್ದೇವೆ, ಒಬ್ಬರು ಟೀಚರ್ ಜೊತೆಗಿರುತ್ತಾರೆ. ನಿನ್ನೆ ಅವರು ಪುಟದ ಫೋಟೋ ಕಳಿಸಿದರು. ಶನಿವಾರ, ಬೆಳಿಗ್ಗೆ 7.40, ಪಂಪ್ ಹಾಕಿಲ್ಲ, ಮೂರು ಸಲ ಶಬ್ದ ಕೇಳಿತು, 9 ಮೀಟರ್ 25. ಕೆಳಗೆ 'ಅಳೆದವರು: ಏಳನೇ ತರಗತಿ' ಅಂತ ಬರೆದು ನಾಲ್ಕು ಜನ ಸಹಿ ಹಾಕಿದ್ದಾರೆ. ತೂಬಿನ ಗೆರೆಯ ಪುಟವನ್ನು ಸಂಜೆ ಹಾಕುತ್ತೇನೆ.